ಪ್ಲಂಬರ್ ದೊರೆಯ ಜಾಡು: ಕೆಜಿಎಫ್‌ಗೆ ಮೊದಲು ಬಂದು ನೆಲೆಸಿದವರನ್ನು ಹುಡುಕುವುದು ಹೇಗೆ

ನಮ್ಮಜ್ಜಿ ಸಾಯುವವರೆಗೂ ಒಂದು ಮಾತು ಹೇಳುತ್ತಿದ್ದಳು. "ನಮ್ಮತ್ತೆ ಪ್ಲಂಬರ್ ದೊರೆ ಬಂಗಲೆಗೆ ಹಾಲು ಹಾಕ್ತಿದ್ಲು ಕಣಪ್ಪಾ." ನಲ್ಲಿ ರಿಪೇರಿ ಮಾಡೋನು ದೊರೆ ಹೇಗಾದ, ಅವನಿಗೆ ಬಂಗಲೆ ಯಾರು ಕೊಟ್ಟರು ಅಂತ ನಾವು ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು. ಆಮೇಲೆ ನಾನು ಕೆಜಿಎಫ್‌ನಲ್ಲಿ ಪೋಸ್ಟ್‌ಮ್ಯಾನ್ ಆದೆ. ಊರಿಗಾಂ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ ಅಂತ 31 ವರ್ಷ ಸೈಕಲ್ ತುಳಿದೆ. ಒಂದು ದಿನ ಗಣಿ ಆಫೀಸಿನ ನಿವೃತ್ತ ಗುಮಾಸ್ತರೊಬ್ಬರು ಟೀ ಅಂಗಡಿಯಲ್ಲಿ ಹಳೇ ಕತೆ ತೆಗೆದರು. "1883ರಲ್ಲಿ ಕ್ಯಾಪ್ಟನ್ ಪ್ಲಮ್ಮರ್ ಹಟ ಹಿಡಿದು ಅಗೆಸದಿದ್ದರೆ ಈ ಊರೇ ಇರ್ತಿರ್ಲಿಲ್ಲ" ಅಂದರು. ಟೀಯಲ್ಲಿ ಅದ್ದಿದ ನನ್ನ ಬನ್ನು ಲೋಟದೊಳಗೇ ಮುಳುಗಿಹೋಯಿತು.

ಅಜ್ಜಿಯ ಪ್ಲಂಬರ್ ಸಿಕ್ಕಿದ ಅಂತ ಖುಷಿಯಾಯಿತು. ಆದರೆ ಕ್ಯಾಪ್ಟನ್ ಅಂದ ತಕ್ಷಣ ಮಿಲಿಟರಿಯವನು ಅಂದುಕೊಂಡೆ. ಸೈನ್ಯದ ಹಳೇ ಪಟ್ಟಿಗಳಲ್ಲಿ ಅವನನ್ನು ಹುಡುಕುತ್ತಾ ಎರಡು ತಿಂಗಳ ಭಾನುವಾರಗಳನ್ನು ಹಾಳು ಮಾಡಿಕೊಂಡೆ. ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆ ಗಣಿ ನಡೆಸುವ ಅನುಭವಸ್ಥನನ್ನೇ ಕ್ಯಾಪ್ಟನ್ ಅಂತ ಕರೆಯುತ್ತಾರೆ. ಅವನಿಗೂ ಬಂದೂಕಿಗೂ ಸಂಬಂಧ ಇಲ್ಲ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನನ್ನ ಭಾನುವಾರಗಳು ಉಳಿಯುತ್ತಿದ್ದವು.

ಈಗ ನಾನು ರಿಟೈರ್ ಆಗಿ ಬಂಗಾರಪೇಟೆಯಲ್ಲಿದ್ದೇನೆ. ಆಸ್ಟ್ರೇಲಿಯಾದಿಂದ ತಾತನ ಫೋಟೊ ಹಿಡಿದು ಬರುವವರಿದ್ದಾರೆ. ಬೆಂಗಳೂರಿನಿಂದ ಕಾಲೇಜು ಹುಡುಗರು ಬರುತ್ತಾರೆ. ಇಲ್ಲೇ ಹುಟ್ಟಿ ಬೆಳೆದವರೂ "ನಮ್ಮ ಮುತ್ತಾತ ಯಾವಾಗ ಬಂದ್ರು ಸಾರ್" ಅಂತ ಕೇಳುತ್ತಾರೆ. ಎಲ್ಲರಿಗೂ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು 200 ಪುಟದ ನೋಟ್‌ಬುಕ್ ತಗೊಳ್ಳಿ. ಪ್ರತಿ ಪುಟದಲ್ಲೂ ಮೂರು ಕಾಲಂ ಹಾಕಿ. ಮೊದಲನೆಯದರಲ್ಲಿ ವಿಷಯ. ಎರಡನೆಯದರಲ್ಲಿ ಅದು ಎಲ್ಲಿ ಸಿಕ್ಕಿತು: ಕಲ್ಲೋ, ಚರ್ಚ್ ರಿಜಿಸ್ಟರೋ, ಯಾರದೋ ಬಾಯಿಮಾತೋ. ಮೂರನೆಯದು ಅದಕ್ಕೆ ಸಾಕ್ಷಿ ಹೇಳುವ ಇನ್ನೊಂದು ಜಾಗ. ಮೂರನೇ ಕಾಲಂ ಖಾಲಿ ಇರುವಷ್ಟು ದಿನ ಅದು ಕತೆ. ತುಂಬಿದ ಮೇಲೆ ಚರಿತ್ರೆ ಅನ್ನಬಹುದು. ಮೊಬೈಲಲ್ಲಿ ಬರೆದುಕೊಳ್ಳುತ್ತೇನೆ ಅನ್ನುವವರನ್ನು ನಾನು ತಡೆಯುವುದಿಲ್ಲ. ಆದರೆ ಗೋರಿಗಳ ನಡುವೆ ಬಿಸಿಲಿಗೆ ಮೊಬೈಲ್ ಪರದೆ ಕಾಣುವುದಿಲ್ಲ.

ಊರಿಗೆ ಕಾಲಿಡುವ ಮುಂಚೆ ನಾಲ್ಕು ಹೆಸರು ತಲೆಯಲ್ಲಿರಲಿ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಅನ್ನುವವನು ಮೈಸೂರು ಸೀಮೆಯ ಗಡಿ ಸರ್ವೆಗೆ ಈ ಕಡೆ ಬಂದ. ಇಲ್ಲಿ ಚಿನ್ನ ಇದೆಯಂತೆ ಅನ್ನುವ ಮಾತು ಕೇಳಿ, ತೋರಿಸಿದವರಿಗೆ ಇನಾಮು ಕೊಡುತ್ತೇನೆ ಅಂದ. ಊರಿಗಾಂ ಹಳ್ಳಿಯವರು ಗಾಡಿಯಲ್ಲಿ ಮಣ್ಣು ತಂದು, ಅವನೆದುರೇ ತೊಳೆದು ಚಿನ್ನದ ಪುಡಿ ತೋರಿಸಿದರು. ಅಂದರೆ ದೊರೆಗಳು ಚಿನ್ನ ಕಂಡುಹಿಡಿದರು ಅನ್ನುವುದು ಅರ್ಧ ಸುಳ್ಳು. ಇಲ್ಲಿನವರಿಗೆ ಗೊತ್ತಿತ್ತು, ಅವರು ತೋರಿಸಿದರು. ಈ ಮಾತನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಳ್ಳಿ. ಯಾಕೆಂದರೆ ಮುಂದೆ ಸಿಗುವ ಕಾಗದವೆಲ್ಲ ದೊರೆಗಳು ಬರೆದದ್ದೇ.

ಎರಡನೆಯವನು ಮೈಕೆಲ್ ಫಿಟ್ಜ್‌ಜೆರಾಲ್ಡ್ ಲಾವೆಲ್. ನನಗೆ ತುಂಬ ಇಷ್ಟದ ಮನುಷ್ಯ. ಐರಿಷ್ ಸಿಪಾಯಿ. ನ್ಯೂಜಿಲೆಂಡಿನ ಯುದ್ಧದಲ್ಲಿದ್ದವನು, ಅಲ್ಲಿನ ಚಿನ್ನದ ಹುಚ್ಚು ತಲೆಗೆ ಹತ್ತಿತ್ತು. ಬೆಂಗಳೂರು ದಂಡಿನಲ್ಲಿ ಬಂದು ನೆಲೆಸಿದ. ವಾರನ್ ಬರೆದಿಟ್ಟ ಹಳೇ ವರದಿ ಓದಿ, 1871ರಲ್ಲಿ ಎತ್ತಿನಗಾಡಿ ಹತ್ತಿ ಸುಮಾರು 60 ಮೈಲಿ ದೂರದ ಕೋಲಾರ ಸೀಮೆಗೆ ಬಂದ. 1873ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿದ. ಇಲ್ಲಿ ಚಿನ್ನ ಎಲ್ಲಿದೆ ಮಾರಾಯಾ ಅಂತ ಅಧಿಕಾರಿಗಳಿಗೆ ಅನುಮಾನ. ಚಿನ್ನ ಸಿಕ್ಕರೆ ನಿಮಗೇ ಲಾಭ, ಸಿಗದಿದ್ದರೆ ನಿಮಗೇನೂ ಖರ್ಚಿಲ್ಲ ಅನ್ನುವ ಅರ್ಥದಲ್ಲಿ ಅವನು ಉತ್ತರ ಬರೆದ. 1875ರ ಫೆಬ್ರುವರಿ 2ರಂದು 20 ವರ್ಷದ ಗುತ್ತಿಗೆ ಸಿಕ್ಕಿತು. ಆದರೆ ನೆಲ ಅಗೆಯುವುದಕ್ಕೆ ದುಡ್ಡು ಬೇಕಲ್ವಾ? ಅದು ಅವನ ಹತ್ತಿರ ಇರಲಿಲ್ಲ. 1877ರ ಹೊತ್ತಿಗೆ ಹಕ್ಕನ್ನೆಲ್ಲ ಬೆರೆಸ್‌ಫೋರ್ಡ್ ಅನ್ನುವ ಸೈನ್ಯಾಧಿಕಾರಿಯ ಕೂಟಕ್ಕೆ ವಹಿಸಿದ. ಕೆಜಿಎಫ್‌ಗೆ ದಾರಿ ಮಾಡಿದ ಈ ಮನುಷ್ಯನ ಹೆಸರು ಉಳಿದಿರುವುದು ಬೆಂಗಳೂರಿನ ದುಬಾರಿ ರಸ್ತೆಯ ಮೇಲೆ, ಲಾವೆಲ್ ರೋಡ್ ಅಂತ. ಅಲ್ಲಿ ಕಾಫಿ ಕುಡಿಯುವವರಿಗೆ ಎತ್ತಿನಗಾಡಿಯ ಕತೆ ಗೊತ್ತಿರಲಾರದು.

ಮೂರನೆಯದು ಒಂದು ಕಂಪನಿ. ಲಂಡನ್ನಿನ ಜಾನ್ ಟೇಲರ್ ಆಂಡ್ ಸನ್ಸ್ 1880ರಲ್ಲಿ ಬಂತು. ನಾಲ್ಕನೆಯವನು ನಮ್ಮ ಪ್ಲಂಬರ್. ಷೇರುದಾರರ ದುಡ್ಡು ಕರಗಿ, ಗಣಿ ಮುಚ್ಚುವ ಮಾತು ಬಂದಿದ್ದಾಗ ಮೈಸೂರು ಮೈನಿನಲ್ಲಿ ಹಳೇ ಕಾಲದವರು ಅಗೆದು ಬಿಟ್ಟ ಗುಂಡಿಗಳ ಕೆಳಗೇ ಇಳಿಸಿ ಅಗೆಸಿದ. ಚಾಂಪಿಯನ್ ಅನ್ನುವ ಚಿನ್ನದ ಪದರ ಸಿಕ್ಕಿತು. ಅಲ್ಲಿಂದ ಊರು ಬೆಳೆಯಿತು. 1901ರ ಜನಗಣತಿಯಲ್ಲಿ ಕೆಜಿಎಫ್‌ನ ಜನ 38,204.

ಇಷ್ಟು ತಿಳಿದ ಮೇಲೆ ರೈಲು ಹತ್ತಿ. ಬಸ್ಸು ಬೇಡ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಈ ಸಣ್ಣ ಲೈನು 1894ರದು, ಚಿನ್ನದ ಗಣಿಗಾಗಿಯೇ ಹಾಕಿದ್ದು. ಬಂಗಾರಪೇಟೆ ಅಂದರೆ ಬಂಗಾರದ ಪೇಟೆ ಅಂತ ಎಲ್ಲರೂ ತಿಳಿದಿದ್ದಾರೆ. ಹಳೇ ಕಾಗದದಲ್ಲಿ ಅದು ಬೌರಿಂಗ್‌ಪೇಟೆ, 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರು. ಹಳೇ ಟಿಕೆಟ್ಟು, ಹಳೇ ಪತ್ರ ಹುಡುಕುವಾಗ ಎರಡೂ ಹೆಸರು ಬೇಕು. ರೈಲಿನಲ್ಲಿ ಕಿಟಕಿ ಪಕ್ಕ ಕೂತು ಸ್ಟೇಷನ್ ಬೋರ್ಡ್ ಓದುತ್ತಾ ಹೋಗಿ: ಕೊರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ. ಗಣಿಗಳ ಸಾಲೂ ಇದೇ: ನಂದಿದುರ್ಗ ಮೈನ್, ಊರಿಗಾಂ ಮೈನ್, ಚಾಂಪಿಯನ್ ರೀಫ್, ಕೊನೆಯಲ್ಲಿ ಮೈಸೂರು ಮೈನ್. ಊರಿನ ನಕ್ಷೆ ನಿಮಗೆ ಪುಕ್ಕಟೆ ಸಿಕ್ಕಿತು.

ಸ್ಪೆಲಿಂಗ್ ಬಗ್ಗೆ ಎಚ್ಚರ. ಊರಿಗಾಂ ಅನ್ನುವ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕಾರು ರೀತಿ ಬರೆದಿದ್ದಾರೆ. ರೈಲ್ವೆಯವರದು ಒಂದು, ಕಂಪನಿಯದು ಇನ್ನೊಂದು, ಸರ್ವೆಯವರದು ಮತ್ತೊಂದು. ನಂದಿದುರ್ಗಕ್ಕೂ ಅದೇ ಪಾಡು. ಅದೂ ಸಾಲದೆಂದು ಈ ನಂದಿದುರ್ಗ ಮೈನಿಗೂ ಚಿಕ್ಕಬಳ್ಳಾಪುರದ ನಂದಿ ಬೆಟ್ಟಕ್ಕೂ ಹೆಸರಿನ ನಂಟು ಬಿಟ್ಟರೆ ಬೇರೆ ನಂಟಿಲ್ಲ. ಒಬ್ಬ ಹುಡುಗ ತನ್ನ ಮುತ್ತಾತನ ಗಣಿ ಹುಡುಕಿಕೊಂಡು ನಂದಿ ಬೆಟ್ಟ ಹತ್ತಿ ಬಂದಿದ್ದ, ಪಾಪ. ಹುಡುಕುವಾಗ ಹೆಸರನ್ನು ಕಣ್ಣಿಂದ ಓದಬೇಡಿ, ಬಾಯಿಂದ ಜೋರಾಗಿ ಅನ್ನಿ. ಪ್ಲಮ್ಮರ್ ನಮ್ಮಜ್ಜಿಯ ಬಾಯಲ್ಲಿ ಪ್ಲಂಬರ್ ಆದ ಹಾಗೆ ನಿಮ್ಮವರ ಬಾಯಲ್ಲಿ ಇನ್ಯಾರೋ ಇನ್ನೇನೋ ಆಗಿರುತ್ತಾನೆ.

ಇನ್ನು ಗೋರಿಗಳು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು.

ಚರ್ಚಿನವರನ್ನು ಕೇಳದೆ ಸ್ಮಶಾನದೊಳಗೆ ಹೋಗಬೇಡಿ. ಊರಿಗಾಂನಲ್ಲಿ ಸೇಂಟ್ ಮೈಕೆಲ್ ಆಂಡ್ ಆಲ್ ಏಂಜೆಲ್ಸ್ ಚರ್ಚ್ ಪ್ರಾಟೆಸ್ಟೆಂಟರದು. ಚಾಂಪಿಯನ್ ರೀಫ್ಸ್‌ನಲ್ಲಿ ಅವರ್ ಲೇಡಿ ಆಫ್ ವಿಕ್ಟರೀಸ್ ಕ್ಯಾಥೊಲಿಕರದು. ನೀವು ಹುಡುಕುವ ಮನೆತನ ಯಾವ ಪಂಗಡ ಅಂತ ಮೊದಲು ತಿಳಿದುಕೊಂಡರೆ ಅರ್ಧ ತಿರುಗಾಟ ತಪ್ಪುತ್ತದೆ. ಹೋಗುವುದು ಬೆಳಿಗ್ಗೆ ಎಂಟರೊಳಗೆ, ಇಲ್ಲವೇ ಸಂಜೆ ನಾಲ್ಕರ ಮೇಲೆ. ಆಗ ಬಿಸಿಲು ಓರೆಯಾಗಿ ಬೀಳುತ್ತದೆ, ಸವೆದ ಅಕ್ಷರಕ್ಕೂ ನೆರಳು ಮೂಡುತ್ತದೆ. ನೆತ್ತಿ ಮೇಲೆ ಸೂರ್ಯ ಬಂದರೆ ಅದೇ ಕಲ್ಲು ಬರೀ ಬೋಳು. ಮನೆಯಿಂದ ತಲೆ ಬಾಚುವ ಕನ್ನಡಿ ಒಂದು ತಗೊಂಡು ಹೋಗಿ. ಮರದ ನೆರಳಲ್ಲಿರುವ ಕಲ್ಲಿಗೆ ಪಕ್ಕದಿಂದ ಬೆಳಕು ಹಾಯಿಸಿದರೆ ಅಕ್ಷರ ಎದ್ದು ಬರುತ್ತದೆ. ಪಾಚಿ ಇದ್ದರೆ ಬರೀ ನೀರು, ಮೆತ್ತನೆ ಬ್ರಷ್ಷು. ಆಸಿಡ್, ತಂತಿ ಬ್ರಷ್, ಸೋಪಿನ ಪುಡಿ ಬೇಡವೇ ಬೇಡ. ಸೀಮೆಸುಣ್ಣವೂ ಬೇಡ. ಶುರುವಿನಲ್ಲಿ ನಾನೂ ಒಂದು ಕಲ್ಲಿಗೆ ಸೀಮೆಸುಣ್ಣ ಉಜ್ಜಿದ್ದೆ. ಎಷ್ಟು ಮಳೆ ಬಂದರೂ ಆ ಬಿಳಿ ಪೂರ್ತಿ ಹೋಗಲಿಲ್ಲ, ಆ ದಾರಿಯಲ್ಲಿ ಹೋಗುವಾಗೆಲ್ಲ ನನ್ನನ್ನೇ ನೋಡುತ್ತಿತ್ತು. ಪೊದೆಯೊಳಗೆ ಕಾಲಿಡುವ ಮುಂಚೆ ಕೋಲಿನಿಂದ ತಟ್ಟಿ. ಹಾವಿಗೆ ಚರಿತ್ರೆ ಗೊತ್ತಿಲ್ಲ.

ಕಲ್ಲಿನ ಮೇಲೆ ಏನು ಓದಬೇಕು? ಹೆಸರು, ತಾರೀಖು ಎಲ್ಲರೂ ಬರೆದುಕೊಳ್ಳುತ್ತಾರೆ. ಅದಕ್ಕಿಂತ ಹುಟ್ಟೂರು ಮುಖ್ಯ. ಕಾರ್ನ್‌ವಾಲ್ ಅಂತ ಕಂಡರೆ ಆತ ತಲೆಮಾರಿನಿಂದ ಗಣಿ ಕೆಲಸದವನು ಅಂತ ಹೆಚ್ಚುಕಡಿಮೆ ಹೇಳಬಹುದು. ಅಲ್ಲಿನ ತವರ ಮತ್ತು ತಾಮ್ರದ ಗಣಿಗಳು ಸೊರಗಿದಾಗ ಅಲ್ಲಿಯವರು ಲೋಕವೆಲ್ಲ ಚದುರಿದರು, ಒಂದು ಗುಂಪು ಇಲ್ಲಿಗೂ ಬಂತು. ಊರು ಬರೆದಿಲ್ಲವಾದರೆ ಹೆಸರೇ ಸುಳಿವು. ಟ್ರೆ, ಪೋಲ್, ಪೆನ್ ಅಂತ ಶುರುವಾಗುವ ಮನೆತನಗಳು ಬಹುಪಾಲು ಕಾರ್ನಿಷ್. ಕಲ್ಲಿನ ಮೇಲೆ ಕೈವಾರ ಮತ್ತು ಮೂಲೆಮಟ್ಟ ಕೆತ್ತಿದ್ದರೆ ಆತ ಫ್ರೀಮೇಸನ್ ಅನ್ನುವ ಸೋದರ ಸಂಘದವನು. ಕಲ್ಲು ನಿಲ್ಲಿಸಿದವರು ಯಾರು ಅಂತ ಕೆಳಗಿನ ಸಾಲಿನಲ್ಲಿ ನೋಡಿ. ಹೆಂಡತಿಯೋ, ಜೊತೆ ಕೆಲಸಗಾರರೋ? ಜೊತೆಯವರು ನಿಲ್ಲಿಸಿದ್ದರೆ ಆತ ಒಬ್ಬಂಟಿಯಾಗಿ ಬಂದವನು ಇರಬಹುದು, ಅವನ ಮನೆಯವರನ್ನು ಇಲ್ಲಿ ಹುಡುಕಿ ಫಲವಿಲ್ಲ.

ಎಳೆ ಮಕ್ಕಳ ಗೋರಿಗಳನ್ನು ದಾಟಿ ಹೋಗಬೇಡಿ. ನೋಡಲು ಕಷ್ಟವಾಗುತ್ತದೆ, ಗೊತ್ತು. ಆದರೆ ಎಂಟು ತಿಂಗಳ ಮಗುವಿನ ಕಲ್ಲು ಹೇಳುವಷ್ಟನ್ನು ಎಂಬತ್ತು ವರ್ಷದ ದೊರೆಯ ಕಲ್ಲು ಹೇಳುವುದಿಲ್ಲ. ಅಪ್ಪ ಅಮ್ಮ ಇಬ್ಬರ ಹೆಸರೂ ಇರುತ್ತದೆ, ಆ ತಿಂಗಳು ಅವರು ಇದೇ ಊರಲ್ಲಿದ್ದರು ಅಂತ ಖಾತ್ರಿಯಾಗುತ್ತದೆ. ತಾಯಂದಿರ ಹೆಸರು ಬೇರೆ ಕಾಗದಗಳಲ್ಲಿ ಸಿಗುವುದು ಅಪರೂಪ.

ಕಲ್ಲು ಆದ ಮೇಲೆ ರಿಜಿಸ್ಟರ್. ದೀಕ್ಷಾಸ್ನಾನ, ಮದುವೆ, ಸಮಾಧಿ ಅಂತ ಮೂರು ಬಗೆ. ಸಮಾಧಿ ರಿಜಿಸ್ಟರಿನಲ್ಲಿ ಸಾವಿನ ಕಾರಣ, ಮಗುವಿನದರಲ್ಲಿ ಅಪ್ಪನ ಕಸುಬು, ಮದುವೆಯದರಲ್ಲಿ ಸಾಕ್ಷಿಗಳ ಸಹಿ ನೋಡಿ. ಸಾಕ್ಷಿ ಹಾಕಿದವರು ಸಾಮಾನ್ಯವಾಗಿ ಪಕ್ಕದ ಬಂಗಲೆಯವರು ಅಥವಾ ನೆಂಟರು. ಕ್ಯಾಥೊಲಿಕ್ ಪುಸ್ತಕ ಲ್ಯಾಟಿನ್‌ನಲ್ಲಿದ್ದರೆ ಹೆದರಬೇಡಿ. ಜೊಆನ್ನೆಸ್ ಅಂದರೆ ಜಾನ್, ಯಾಕೋಬುಸ್ ಅಂದರೆ ಜೇಮ್ಸ್, ಗುಲಿಯೆಲ್ಮುಸ್ ಅಂದರೆ ವಿಲಿಯಂ. ಇಲ್ಲಿ ಇಟಲಿಯಿಂದ ಬಂದ ಗಣಿಗಾರರೂ ಇದ್ದರು, ಅವರನ್ನು ಇಂಥ ಪುಸ್ತಕಗಳಲ್ಲೇ ಹುಡುಕಬೇಕು. ಪ್ರಾಟೆಸ್ಟೆಂಟ್ ರಿಜಿಸ್ಟರುಗಳ ನಕಲು ಆಗ ಮದ್ರಾಸಿಗೆ, ಅಲ್ಲಿಂದ ಲಂಡನ್ನಿಗೆ ಹೋಗುತ್ತಿತ್ತು. ಬ್ರಿಟಿಷ್ ಲೈಬ್ರರಿಯಲ್ಲಿ ಮದ್ರಾಸಿನ ಈ ಕಟ್ಟುಗಳಿಗೆ ಎನ್ 2 ಅಂತ ಗುರುತು. ಕೆಜಿಎಫ್ ಮೈಸೂರು ಸೀಮೆಯಲ್ಲಿದ್ದರೂ ಮದ್ರಾಸಿನಲ್ಲೇ ನೋಡಿ. ಇದು ಗೊತ್ತಿಲ್ಲದೆ ಎಷ್ಟೋ ಜನ ಬರಿಗೈಯಲ್ಲಿ ವಾಪಸ್ ಬಂದಿದ್ದಾರೆ.

ಪಾದ್ರಿಗಳ ಹತ್ತಿರ ಹೋಗುವಾಗ ಸುಮ್ನೆ "ನಮ್ಮ ತಾತನ ರೆಕಾರ್ಡ್ ಕೊಡಿ" ಅನ್ನಬೇಡಿ. ಹೆಸರು, ಅಂದಾಜು ವರ್ಷ, ಯಾವ ಮೈನು ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟು, ಒಂದು ವಾರ ಬಿಟ್ಟು ಬರುತ್ತೇನೆ ಅನ್ನಿ. ಭಾನುವಾರ ಮಾತ್ರ ಹೋಗಲೇಬೇಡಿ.

ಈವರೆಗೆ ಹೇಳಿದ್ದು ಕಲ್ಲು ಬರೆಸಿಕೊಂಡವರ ಮಾತು. ಊರು ಕಟ್ಟಿದವರಲ್ಲಿ ಅವರು ಒಂದು ಹಿಡಿ. ಉಳಿದವರು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯಿಂದ ಬಂದ ತಮಿಳರು ಮತ್ತು ತೆಲುಗರು, ಅವರಲ್ಲಿ ಬಹಳಷ್ಟು ಮಂದಿ ದಲಿತರು. ಕಾವಲಿಗೆ ಪಂಜಾಬಿನವರು ಬಂದರು. ಹಾಲು, ತರಕಾರಿ, ಸೌದೆ ತಂದು ಮಾರಿದವರು ಸುತ್ತಲ ಹಳ್ಳಿಗಳ ಕನ್ನಡ ಮತ್ತು ತೆಲುಗಿನವರು. ಗಣಿ ಕೆಲಸಗಾರರು ಬಿದಿರು ತಟ್ಟಿಯ ಗುಡಿಸಲುಗಳ ಸಾಲಿನಲ್ಲಿ ಇದ್ದರು. ಅದಕ್ಕೇ ಇಲ್ಲಿ ಬೀದಿ ಅನ್ನುವುದಿಲ್ಲ, ಲೈನು ಅನ್ನುತ್ತಾರೆ. ನನ್ನ ಚೀಲದ ಕಾಗದಗಳ ಮೇಲೂ ಮನೆ ಹೆಸರು ಕಮ್ಮಿ, ಲೈನು ಜಾಸ್ತಿ.

ಇವರನ್ನು ಹುಡುಕುವ ರೀತಿ ಬೇರೆ. ಲೈನಿಗೆ ಹೋಗಿ ಹಿರಿಯರ ಹತ್ತಿರ ಕೂರಬೇಕು. ನಾಲ್ಕು ಮಾತು ತಮಿಳು ಬಂದರೆ ಒಳ್ಳೆಯದು, ಬರದಿದ್ದರೂ ಪರವಾಗಿಲ್ಲ, ಕೆಜಿಎಫ್‌ನವರು ನಿಮ್ಮ ಭಾಷೆಗೆ ಬರುತ್ತಾರೆ. ಆದರೆ ಮೊದಲ ಪ್ರಶ್ನೆ ಸರಿ ಇರಬೇಕು. "ನೀವು ಯಾವ ಊರಿನವರು" ಅಂದರೆ "ಇದೇ ಊರು" ಅನ್ನುತ್ತಾರೆ. ಸರಿಯಾದ ಮಾತೇ, ನಾಲ್ಕು ತಲೆಮಾರು ಇಲ್ಲೇ ಹುಟ್ಟಿದವರು ಮತ್ತೇನು ಹೇಳಬೇಕು? "ನಿಮ್ಮ ತಾತ ಜಾತ್ರೆಗೆ ಯಾವ ಊರಿಗೆ ಹೋಗ್ತಿದ್ರು" ಅಂತ ಕೇಳಿ. ಕುಲದೇವರ ಊರು ತಾನಾಗಿ ಬಾಯಿಗೆ ಬರುತ್ತದೆ. ಅದೇ ಅವರು ಬಿಟ್ಟು ಬಂದ ಊರು. ಆಮೇಲೆ ಯಾವ ಶಾಫ್ಟ್ (ಗಣಿಗೆ ಇಳಿಯುವ ಬಾವಿ) ಅಂತ ಕೇಳಿ: ಗಿಫರ್ಡೋ, ಎಡ್ಗರೋ, ಹೆನ್ರಿಯೋ. ದೊರೆಗಳ ಹೆಸರು ಶಾಫ್ಟಿಗಿದೆ, ಅದರೊಳಗೆ ಇಳಿದವರ ಹೆಸರು ಈ ಮನೆಗಳಲ್ಲಿದೆ. ಶಾಫ್ಟ್ ಗೊತ್ತಾದರೆ ಮೈನು ಗೊತ್ತಾಯಿತು, ಮೈನು ಗೊತ್ತಾದರೆ ಲೈನು. ಟ್ರಂಕು ತೆಗೆಸಿ. ಟೋಕನ್, ಗ್ರಾಚ್ಯುಟಿ ಕಾಗದ, ಆಸ್ಪತ್ರೆ ಚೀಟಿ ಏನಾದರೂ ಇರುತ್ತದೆ. ಜಾತಿ ಕೇಳಬೇಡಿ. ಸಿನಿಮಾ ಮಾತು ಎತ್ತಬೇಡಿ. ಅದನ್ನು ನೋಡಿ ಬಂದು ಚಿನ್ನ ಎಲ್ಲಿ ಅಂತ ಕೇಳಿದವರನ್ನು ಕಂಡು ಅವರಿಗೆ ಸಾಕಾಗಿದೆ.

ಹೆಸರಾಂತರು ಅಂದರೆ ಬಂಗಲೆಯಲ್ಲೇ ಹುಡುಕಬೇಕಾಗಿಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲೇ ತಮಿಳು ದಲಿತ ಚಿಂತಕ ಅಯೋತ್ತಿದಾಸ ಪಂಡಿತರ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿ ನಡೆಯುತ್ತಿತ್ತು. ಅಂಬೇಡ್ಕರರು ಬೌದ್ಧ ಧರ್ಮ ತಗೊಂಡಿದ್ದು 1956ರಲ್ಲಿ, ಅದಕ್ಕೆ ಎಷ್ಟು ವರ್ಷ ಮುಂಚೆ ಅಂತ ಲೆಕ್ಕ ಹಾಕಿ. ಪಂಡಿತರ ಬರಹಗಳನ್ನು ಅಚ್ಚು ಹಾಕಿಸಿದ ಸಿದ್ಧಾರ್ಥ ಪುಸ್ತಕಶಾಲೆ ಇದ್ದದ್ದು ಚಾಂಪಿಯನ್ ರೀಫ್ಸ್‌ನಲ್ಲಿ, ಇಲ್ಲಿನ ಬೌದ್ಧ ಮುಖಂಡ ಜಿ. ಅಪ್ಪಾದುರೈಯಾರ್ ಅವರ ಕಾಲದಲ್ಲಿ. ಹಗಲು ಸುರಂಗದಲ್ಲಿ ದುಡಿದ ಜನ ಸಂಜೆ ಪತ್ರಿಕೆ ಓದಿಸಿ ಕೇಳುತ್ತಿದ್ದ ಊರಿದು. 1930ರಲ್ಲಿ ಕೆಲಸಗಾರರ ಬೆರಳಚ್ಚು ತಗೊಳ್ಳುವ ನಿಯಮ ಬಂದಾಗ, ನಾವೇನು ಕಳ್ಳರಾ ಅಂತ ಇಡೀ ಗಣಿಯೇ ಕೆಲಸ ನಿಲ್ಲಿಸಿ ಮೂರು ವಾರ ಹೊರಗೆ ಕೂತಿತ್ತು. ನಿಮ್ಮ ಮನೆಯ ಹಿರಿಯರು ಆ ಮುಷ್ಕರದ ಮಾತು ಆಡುತ್ತಿದ್ದರೆ ಅವರು 1930ಕ್ಕಿಂತ ಮುಂಚೆ ಬಂದವರಿರಬಹುದು. ಹೀಗೆ ದೊಡ್ಡ ಘಟನೆಗೆ ಗಂಟು ಹಾಕಿದರೆ ತಾರೀಖು ಸಿಗುತ್ತದೆ. ಕರೆಂಟು ಬಂದದ್ದು ಇನ್ನೊಂದು ಗಂಟು. ಶಿವನಸಮುದ್ರದಿಂದ ಸುಮಾರು 148 ಕಿಲೋಮೀಟರ್ ತಂತಿ ಎಳೆದು 1902ರ ಜೂನ್ 30ರಂದು ಗಣಿಗೆ ವಿದ್ಯುತ್ ಕೊಟ್ಟರು. ಬೆಂಗಳೂರಿಗೆ ಬಂದದ್ದು 1905ರಲ್ಲಿ. "ನಮ್ಮ ಮುತ್ತಜ್ಜಿ ಬಂದಾಗ ದೀಪ ಇತ್ತಂತಾ?" ಅಂತ ಕೇಳಿ ನೋಡಿ.

ರಾಬರ್ಟ್‌ಸನ್‌ಪೇಟೆಯ ಬಗ್ಗೆ ಒಂದೇ ಮಾತು. ಆ ಹೆಸರು ಮೈಸೂರಿನ ರೆಸಿಡೆಂಟ್, ಅಂದರೆ ಬ್ರಿಟಿಷ್ ಸರ್ಕಾರದ ಪ್ರತಿನಿಧಿ ಆಗಿದ್ದ ಸರ್ ಡೊನಾಲ್ಡ್ ರಾಬರ್ಟ್‌ಸನ್‌ದು. ಆತ ಇಲ್ಲಿ ಗಣಿ ಅಗೆದವನಲ್ಲ. ಬೋರ್ಡಿನ ಮೇಲಿರುವ ಹೆಸರೆಲ್ಲ ಊರವರದು ಅಂದುಕೊಳ್ಳಬೇಡಿ.

ಕಾಗದಗಳಿಗೆ ಬೆಂಗಳೂರಿಗೆ ಹೋಗಬೇಕು. ವಿಧಾನಸೌಧದಲ್ಲಿ ರಾಜ್ಯ ಪತ್ರಾಗಾರ ಇದೆ. ಗುತ್ತಿಗೆ, ಪರವಾನಗಿ, ಪೊಲೀಸು, ಕಾಯಿಲೆ ಅಂತ ವಿಷಯದ ಪ್ರಕಾರ ಕೇಳಿ, ವ್ಯಕ್ತಿಯ ಹೆಸರು ಹಿಡಿದು ಕೇಳಿದರೆ ಸಿಗುವುದು ಕಷ್ಟ. ಗುರುತಿನ ಚೀಟಿ, ಅದರ ನಕಲು, ಪೆನ್ಸಿಲ್ ಇರಲಿ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಲೈಬ್ರರಿಯಲ್ಲಿ ಹಳೇ ಗೆಜೆಟಿಯರ್‌ಗಳನ್ನು ಕೂತು ಓದಬಹುದು. ಮಧ್ಯಾಹ್ನದ ಮೇಲೆ ಹೋಗಿ "ಇವತ್ತೇ ಬೇಕು" ಅಂದರೆ ಎಲ್ಲೂ ಆಗುವುದಿಲ್ಲ.

ಒಂದೆರಡು ಎಚ್ಚರಿಕೆ. ಸೈನೈಡ್ ಗುಡ್ಡ ಹತ್ತಿ ಸೆಲ್ಫಿ ತಗೊಳ್ಳಬೇಡಿ, ಅದು ಚಿನ್ನ ತೆಗೆದು ಬಿಟ್ಟ ಪುಡಿ, ಗಾಳಿ ಬೀಸಿದರೆ ಮೂಗಿಗೆ ಬರುತ್ತದೆ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿದೆ. ಬೇಲಿ ಹಾಕಿದ ಜಾಗ ಇವತ್ತಿಗೂ ಅನುಮತಿ ಇಲ್ಲದೆ ಹೋಗುವ ಜಾಗವಲ್ಲ. ಚಾಂಪಿಯನ್ ರೀಫಿನ ಆಳ 3 ಕಿಲೋಮೀಟರಿಗೂ ಜಾಸ್ತಿ. ಹಳೇ ಗುಂಡಿಯ ಬಾಯಿ ಮೇಲೆ ಹುಲ್ಲು ಬೆಳೆದಿರುತ್ತದೆ, ಗೊತ್ತಾಗುವುದಿಲ್ಲ.

ನನ್ನ ನೋಟ್‌ಬುಕ್ಕಿನ ಮೂರನೇ ಪುಟದಲ್ಲಿ ಒಂದು ಸಾಲಿದೆ. ಮೊದಲ ಕಾಲಂ: ಪ್ಲಂಬರ್ ದೊರೆ ಬಂಗಲೆ, ಹಾಲು, ದಿನಕ್ಕೆ ಎರಡು ಸೇರು. ಎರಡನೇ ಕಾಲಂ: ಅಜ್ಜಿ ಹೇಳಿದ್ದು, ಅವಳಿಗೆ ಅವಳ ಅತ್ತೆ ಹೇಳಿದ್ದು. ಹಾಲು ಹಾಕಿದವಳ ಹೆಸರು ಬರೆಯೋಣ ಅಂತ ನಮ್ಮ ದೊಡ್ಡಪ್ಪನಿಗೆ ಫೋನ್ ಮಾಡಿದೆ. "ಎಲ್ಲರೂ ಹಾಲಮ್ಮ ಅಂತಿದ್ರು ಕಣೋ" ಅಂದರು. ಮುಂದಿನ ತಿಂಗಳು ಊರಿನ ಹಳೇ ಪಹಣಿ ತೆಗೆಸೋಣ ಅಂತ ತಾಲೂಕು ಕಚೇರಿಗೆ ಅರ್ಜಿ ಹಾಕುತ್ತಿದ್ದೇನೆ.